ಮನೆಯೊಳಗಿನ ಗಿಡಗಳ ಕೀಟಗಳು: ಗುರುತು ಮತ್ತು ಚಿಕಿತ್ಸೆ (ದಕ್ಷಿಣ ಬೆಂಗಳೂರು)

ಮನೆಯೊಳಗೂ ಬಾಲ್ಕನಿಯಲ್ಲೂ ಕುಂಡದಲ್ಲಿ ಬೆಳೆಸುವ ಗಿಡಗಳ ರಸ ಹೀರಿ, ಎಲೆ ಕೆರೆದು ಅಥವಾ ಬೇರು ತಿಂದು ಹಾನಿ ಮಾಡುವ ಸಣ್ಣ ಜೀವಿಗಳನ್ನು ಈ ಲೇಖನ ವಿವರಿಸುತ್ತದೆ. ಜಯನಗರ, ಜೆ.ಪಿ. ನಗರ, ಬನಶಂಕರಿ, ಬಿಟಿಎಂ ಬಡಾವಣೆಗಳ ಮನೆಗಳಲ್ಲಿ ಕಾಣುವ ಮುಖ್ಯ ಕೀಟಗಳು ಹಿಟ್ಟು ತಿಗಣೆ, ಶಲ್ಕ ಕೀಟ, ಸಸ್ಯ ಹೇನು, ಬಿಳಿ ನೊಣ, ಥ್ರಿಪ್ಸ್ ಮತ್ತು ಫಂಗಸ್ ನ್ಯಾಟ್. ಇವುಗಳ ಜೊತೆಗೇ ಹೇಳಬೇಕಾದ ಕೆಂಪು ಜೇಡ ನುಸಿಗೆ ಎಂಟು ಕಾಲು. ಅದು ಕೀಟವಲ್ಲ, ಜೇಡದ ಬಳಗ.

ಹಾವಳಿಗೆ ಕಾರಣ

ಸಮುದ್ರಮಟ್ಟದಿಂದ ಸುಮಾರು 920 ಮೀಟರ್ ಎತ್ತರದಲ್ಲಿರುವ ಬೆಂಗಳೂರಿನಲ್ಲಿ ಕೀಟಗಳ ಸಂತತಿಯನ್ನು ತಡೆಯುವಷ್ಟು ಕಟು ಚಳಿ ಬೀಳುವುದಿಲ್ಲ. ಹಾಗಾಗಿ ಅವು ವರ್ಷವಿಡೀ ಮರಿಮಾಡುತ್ತವೆ. ಬಯಲಿನ ಗಿಡವನ್ನು ಮಳೆ ತೊಳೆಯುತ್ತದೆ; ಗುಲಗಂಜಿ ಹುಳು, ಪರಾವಲಂಬಿ ಕಣಜಗಳು ಕೀಟವನ್ನು ಹತೋಟಿಯಲ್ಲಿಡುತ್ತವೆ. ಮನೆಯೊಳಗೆ ಮಳೆಯೂ ಇಲ್ಲ, ಈ ಮಿತ್ರಕೀಟಗಳೂ ಇಲ್ಲ. ಅವುಗಳ ಕೆಲಸವನ್ನು ಮನೆಯವರ ಕೈಯೇ ಮಾಡಬೇಕು. ಎಲ್ಲ ಚಿಕಿತ್ಸೆಗೂ ಇದೇ ಮೂಲ. ಫೆಬ್ರವರಿಯಿಂದ ಏಪ್ರಿಲ್‌ವರೆಗಿನ ಒಣಹವೆ ನುಸಿಗೂ ಥ್ರಿಪ್ಸ್‌ಗೂ ಅನುಕೂಲ. ಮಳೆಗಾಲದಲ್ಲಿ ಆರದ ಮಣ್ಣು ಫಂಗಸ್ ನ್ಯಾಟ್‌ಗೆ ಅನುಕೂಲ.

ಗುರುತಿಸುವ ಬಗೆ

ಹಿಟ್ಟು ತಿಗಣೆ: ಎಲೆ ಕಾಂಡಕ್ಕೆ ಸೇರುವ ಸಂದಿಯಲ್ಲಿ, ಎಲೆಯ ತಳದಲ್ಲಿ ಹತ್ತಿಯಂಥ ಬಿಳಿ ಮುದ್ದೆ. ದಾಸವಾಳ, ಕ್ರೋಟನ್, ಮನಿ ಪ್ಲಾಂಟ್‌ಗಳಲ್ಲಿ ಕಾಣುತ್ತದೆ. ಒಂದೊಂದು ಹೆಣ್ಣೂ ನೂರಾರು ಮೊಟ್ಟೆ ಇಡುತ್ತದೆ. ಕೆಲವು ಜಾತಿಗಳು ಬೇರಿನಲ್ಲಿ ಅಡಗುತ್ತವೆ.

ಶಲ್ಕ ಕೀಟ: ಕಾಂಡಕ್ಕೂ ಎಲೆಯ ನರಕ್ಕೂ ಅಂಟಿದ ಕಂದು ಹುರುಪೆ. ಉಗುರಿನಿಂದ ಕೆರೆದರೆ ಕಳಚಿ ಬರುತ್ತದೆ. ಗಿಡದ ಗಂಟಾದರೆ ಹಾಗೆ ಕಳಚುವುದಿಲ್ಲ.

ಸಸ್ಯ ಹೇನು, ಬಿಳಿ ನೊಣ: ಹೇನು ಎಳೆಯ ಚಿಗುರಿಗೆ ಮುತ್ತಿಕೊಳ್ಳುತ್ತದೆ. ಬಿಳಿ ನೊಣ ಎಲೆಯಡಿ ಕೂತು, ಗಿಡ ಅಲುಗಿಸಿದೊಡನೆ ಹಾರುತ್ತದೆ. ಹಿಟ್ಟು ತಿಗಣೆ ಮತ್ತು ಹಲವು ಶಲ್ಕ ಕೀಟಗಳಂತೆ ಇವೂ ಸಿಹಿಯಾದ ಅಂಟನ್ನು ಸ್ರವಿಸುತ್ತವೆ. ಆ ಅಂಟಿನ ಮೇಲೆ ಕಪ್ಪು ಬೂಷ್ಟು ಬೆಳೆಯುತ್ತದೆ, ಅಂಟನ್ನು ಅರಸಿ ಇರುವೆ ಬರುತ್ತದೆ. ಕುಂಡಕ್ಕೆ ಇರುವೆ ಸಾಲುಗಟ್ಟಿದರೆ ಎಲೆಯ ತಳವನ್ನು ನೋಡಲೇಬೇಕು.

ಥ್ರಿಪ್ಸ್, ನುಸಿ: ಥ್ರಿಪ್ಸ್ ಕೆರೆದ ಎಲೆಯಲ್ಲಿ ಬೆಳ್ಳಿಬಣ್ಣದ ಗೀರು, ಸಣ್ಣ ಕಪ್ಪು ಚುಕ್ಕೆಗಳು ಉಳಿಯುತ್ತವೆ. ನುಸಿ ಬಿದ್ದ ಎಲೆ ಚುಕ್ಕೆಚುಕ್ಕೆಯಾಗಿ ಹಳದಿಯಾಗುತ್ತದೆ. ಮುಂದೆ ನವಿರಾದ ಬಲೆ ಕಾಣುತ್ತದೆ. ಬಿಳಿ ಹಾಳೆಯ ಮೇಲೆ ಎಲೆಯನ್ನು ತಟ್ಟಿದಾಗ ಬಿದ್ದ ಚುಕ್ಕಿಗಳು ಹರಿದಾಡಿದರೆ ಅದು ನುಸಿ.

ತುಳಸಿಯ ಜಾಲರಿ ತಿಗಣೆ: ಕೊಕ್ಲೊಕಿಲಾ ಬುಲಿಟಾ ಎಂಬ ಈ ಕೀಟದಿಂದ ತುಳಸಿಯ ಚಿಗುರು ಮುದುರಿ ಒಣಗುತ್ತದೆ.

ಫಂಗಸ್ ನ್ಯಾಟ್: ನೀರು ಹಾಕುವಾಗ ಮಣ್ಣಿನಿಂದ ಏಳುವ ಸಣ್ಣ ಕಪ್ಪು ನೊಣ. ಮರಿಹುಳು ಒದ್ದೆ ಕೋಕೋಪೀಟ್‌ನಲ್ಲಿ ಬೆಳೆದು ಎಳೆಯ ಬೇರನ್ನೂ ತಿನ್ನುತ್ತದೆ.

ಚಿಕಿತ್ಸೆ

ಮೊದಲು ಗಿಡವನ್ನು ಬೇರೆಯಿಡಬೇಕು. ಹೆಚ್ಚು ಹಾಳಾದ ಎಲೆ ಕತ್ತರಿಸಿ, ಉಳಿದುದನ್ನು ನಲ್ಲಿಯಡಿ ತಳಭಾಗವೂ ಸೇರುವಂತೆ ತೊಳೆಯಬೇಕು. ಹೇನು, ನುಸಿ ಬಹುಪಾಲು ಇದರಲ್ಲೇ ಹೋಗುತ್ತವೆ. ಹಿಟ್ಟು ತಿಗಣೆ, ಶಲ್ಕ ಕೀಟಗಳನ್ನು ಶೇ. 70ರ ಐಸೊಪ್ರೊಪೈಲ್ ಆಲ್ಕೋಹಾಲ್‌ನಲ್ಲಿ ಅದ್ದಿದ ಹತ್ತಿಯಿಂದ ಒರೆಸಿ ತೆಗೆಯುವುದು ಉತ್ತಮ.

ಬಳಿಕ ಒಂದು ಲೀಟರ್ ನೀರಿಗೆ 5 ಮಿಲಿಲೀಟರ್ ಬೇವಿನ ಎಣ್ಣೆ ಮತ್ತು ಕೆಲವು ಹನಿ ದ್ರವ ಸೋಪು ಬೆರೆಸಿ ಸಂಜೆ ಸಿಂಪಡಿಸಬೇಕು. ಹೆಸರಘಟ್ಟದ ಭಾರತೀಯ ತೋಟಗಾರಿಕೆ ಸಂಶೋಧನಾ ಸಂಸ್ಥೆ ರೂಪಿಸಿದ ಬೇವಿನ ಸೋಪು, ಹೊಂಗೆ ಸೋಪುಗಳೂ ಇದಕ್ಕೆ ಒದಗುತ್ತವೆ. ಕೊಳವೆಬಾವಿಯ ಗಡಸು ನೀರಿನಲ್ಲಿ ಸೋಪು ಸರಿಯಾಗಿ ಕೆಲಸ ಮಾಡುವುದಿಲ್ಲ. ಕಾವೇರಿ ನೀರು ಅಥವಾ ಮಳೆನೀರು ಲೇಸು. ಮೊದಲು ಒಂದೆರಡು ಎಲೆಗೆ ಹಾಕಿ ಒಂದು ದಿನ ಕಾದು ನೋಡಬೇಕು. ಸಿಂಪರಣೆ ಮೊಟ್ಟೆಗಳನ್ನೆಲ್ಲ ಕೊಲ್ಲುವುದಿಲ್ಲ. ಬೆಚ್ಚನೆ ಹವೆಯಲ್ಲಿ ನುಸಿಯ ಒಂದು ತಲೆಮಾರು ಎರಡು ವಾರದೊಳಗೇ ಮುಗಿಯುತ್ತದೆ. ಆದ್ದರಿಂದ 5–7 ದಿನಕ್ಕೊಮ್ಮೆ ಮೂರು ನಾಲ್ಕು ಬಾರಿ ಮಾಡಿದರಷ್ಟೇ ಫಲ.

ಫಂಗಸ್ ನ್ಯಾಟ್‌ಗೆ ಮೇಲ್ಮಣ್ಣನ್ನು ಆರಲು ಬಿಡುವುದೇ ಮುಖ್ಯ ಮದ್ದು. ಹಳದಿ ಅಂಟುಹಾಳೆ ಹಾರುವ ನೊಣವನ್ನು ಹಿಡಿಯುತ್ತದೆ. ತೀರ್ಥಕ್ಕೂ ಕಷಾಯಕ್ಕೂ ಬಳಸುವ ತುಳಸಿ, ದೊಡ್ಡಪತ್ರೆಗಳಿಗೆ ನೀರಿನ ತೊಳೆತ ಮತ್ತು ಮುದುರಿದ ಚಿಗುರು ಚಿವುಟುವುದೇ ಸಾಕು, ರಾಸಾಯನಿಕ ಸಲ್ಲದು. ಹೊಲದ ಕೀಟನಾಶಕಗಳನ್ನು ಮುಚ್ಚಿದ ಕೋಣೆಯಲ್ಲಿ ಸಿಂಪಡಿಸುವುದು ಮಕ್ಕಳಿಗೂ ಸಾಕುಪ್ರಾಣಿಗಳಿಗೂ ಅಪಾಯ. ಹಿಂದೆ ಮನೆಗಳಲ್ಲೂ ಬಳಕೆಯಲ್ಲಿದ್ದ ಡೈಕ್ಲೋರ್‌ವಾಸ್ ಭಾರತದಲ್ಲಿ 2020ರ ಡಿಸೆಂಬರ್ 31ರಿಂದ ನಿಷಿದ್ಧ.

ಮಿತ್ರಕೀಟಗಳು

ಹಿಟ್ಟು ತಿಗಣೆಯನ್ನು ತಿನ್ನುವ ಆಸ್ಟ್ರೇಲಿಯಾದ ಗುಲಗಂಜಿ ಹುಳು ಕ್ರಿಪ್ಟೊಲೀಮಸ್ 1898ರಲ್ಲಿ ಭಾರತಕ್ಕೆ ಬಂತು. ದಾಸವಾಳಕ್ಕೂ ಬೀಳುವ ಪಪ್ಪಾಯಿ ಹಿಟ್ಟು ತಿಗಣೆ 2008ರಲ್ಲಿ ಕೊಯಮತ್ತೂರಿನಲ್ಲಿ ಕಾಣಿಸಿಕೊಂಡಾಗ, ಈಗ ರಾಷ್ಟ್ರೀಯ ಕೃಷಿ ಕೀಟ ಸಂಪನ್ಮೂಲ ಬ್ಯೂರೋ ಎನಿಸಿರುವ ಬೆಂಗಳೂರಿನ ಸಂಸ್ಥೆ 2010ರಲ್ಲಿ ಪೋರ್ಟೊರಿಕೊದಿಂದ ಅಸಿರೊಫೇಗಸ್ ಪಪಾಯೆ ಎಂಬ ಕಣಜವನ್ನು ತರಿಸಿ ಆ ತಿಗಣೆಯನ್ನು ಹತೋಟಿಗೆ ತಂದಿತು. ಕ್ರಿಪ್ಟೊಲೀಮಸ್‌ನ ಮರಿಯೂ ಮೈತುಂಬ ಬಿಳಿ ಮೇಣ ಹೊತ್ತಿರುತ್ತದೆ. ಆದರೆ ದೊಡ್ಡದು, ಚುರುಕಾಗಿ ಓಡಾಡುತ್ತದೆ. ಬಾಲ್ಕನಿಯಲ್ಲಿ ಕಂಡರೆ ಕೊಲ್ಲಬಾರದು.

ತಡೆ

ಸಿದ್ದಾಪುರದ ನರ್ಸರಿಗಳಿಂದಾಗಲಿ, ಲಾಲ್‌ಬಾಗ್ ಫಲಪುಷ್ಪ ಪ್ರದರ್ಶನದಿಂದಾಗಲಿ ತಂದ ಹೊಸ ಗಿಡವನ್ನು ಎರಡು ಮೂರು ವಾರ ಪ್ರತ್ಯೇಕವಾಗಿಡಬೇಕು. ವಾರಕ್ಕೊಮ್ಮೆ ಎಲೆಯ ಧೂಳು ಒರೆಸುವಾಗಲೇ ತಳಭಾಗವನ್ನೂ ನೋಡಬೇಕು. ಸಾರಜನಕದ ಗೊಬ್ಬರ ಹೆಚ್ಚಾದರೆ ಮೆತ್ತನೆಯ ಚಿಗುರು ಒಡೆದು ಹೇನನ್ನು ಕರೆಯುತ್ತದೆ. ಎರೆಗೊಬ್ಬರವನ್ನೂ ಹಿತಮಿತವಾಗಿ ಹಾಕಬೇಕು. ಬೇರಿನವರೆಗೂ ಹಿಟ್ಟು ತಿಗಣೆ ಇಳಿದು ಚಿಕಿತ್ಸೆಗೆ ಬಗ್ಗದ ಗಿಡವನ್ನು ಮಣ್ಣಿನ ಸಮೇತ ಚೀಲದಲ್ಲಿ ಕಟ್ಟಿ ವಿಲೇವಾರಿ ಮಾಡಿದರೆ ಉಳಿದ ಕುಂಡಗಳು ಬದುಕುತ್ತವೆ.