ಜೇಬಿನ ಚಾಕುವಿನ ಚರಿತ್ರೆ

ಸೈನ್ಯಗಳ ಚರಿತ್ರೆಯನ್ನು ಬರೆಯುವವರು ಕೋವಿ ಫಿರಂಗಿಗಳನ್ನು ವಿಸ್ತಾರವಾಗಿ ವರ್ಣಿಸುತ್ತಾರೆ. ಸಿಪಾಯಿಯ ಜೇಬಿನಲ್ಲಿದ್ದ ಚಾಕುವಿನ ಕಡೆಗೆ ಅವರ ದೃಷ್ಟಿ ಹರಿಯುವುದು ವಿರಳ. ಆದರೂ ನಿತ್ಯೋಪಯೋಗಕ್ಕೆ ಎಂತಹ ಚಾಕುವನ್ನು ಆರಿಸಬೇಕೆಂಬ ಪ್ರಶ್ನೆಗೆ ಆ ಚಾಕುವಿನ ಚರಿತ್ರೆಯೇ ಒಳ್ಳೆಯ ಉತ್ತರವನ್ನು ಕೊಡುತ್ತದೆ.

1889ರಲ್ಲಿ ಸ್ವಿಟ್ಜರ್ಲೆಂಡಿನ ಸೈನ್ಯವು ಹೊಸ ಮಾದರಿಯ ಬಂದೂಕವೊಂದನ್ನು ಅಂಗೀಕರಿಸಿತು. ಅದನ್ನು ಬಿಚ್ಚಿ ಜೋಡಿಸುವುದಕ್ಕೆ ತಿರುಪುಳಿ ಬೇಕು. ಡಬ್ಬಿಯ ಆಹಾರವನ್ನು ತೆರೆಯುವುದಕ್ಕೂ ಒಂದು ಸಾಧನ ಬೇಕು. ಆದುದರಿಂದ ಅಲಗು, ತಿರುಪುಳಿ, ಡಬ್ಬಿ ತೆರೆಯುವ ಸಾಧನ, ರಂಧ್ರ ಕೊರೆಯುವ ಮೊನೆ, ಈ ನಾಲ್ಕೂ ಒಂದೇ ಹಿಡಿಯೊಳಗೆ ಮಡಚಿಕೊಳ್ಳುವ ಚಾಕು ನಿಶ್ಚಯವಾಯಿತು. ಆದರೆ ಬೇಕಾದಷ್ಟನ್ನು ಒದಗಿಸುವ ಶಕ್ತಿ ಸ್ವದೇಶದ ಕಾರ್ಖಾನೆಗಳಿಗೆ ಇರಲಿಲ್ಲ. ಮೊದಲ ಸರಕು ಜರ್ಮನಿಯ ಸೋಲಿಂಗನ್ ನಗರದಿಂದ ಬಂದಿತು.

ತಮ್ಮ ಸೈನ್ಯದ ಚಾಕು ತಮ್ಮ ನಾಡಿನಲ್ಲಿಯೇ ಸಿದ್ಧವಾಗಬೇಕೆಂದು ಹೊರಟವನು ಕಾರ್ಲ್ ಎಲ್ಸೆನರ್. 1884ರಲ್ಲಿ ಶ್ವೀಟ್ಸ್ ಪ್ರಾಂತದ ಈಬಾಖ್‌ನಲ್ಲಿ ಕಾರ್ಯಾಗಾರವನ್ನು ತೆರೆದಿದ್ದ ಈತನು ಇತರ ಕುಶಲಕರ್ಮಿಗಳನ್ನು ಒಂದುಗೂಡಿಸಿ, 1891ರಲ್ಲಿ ಸೈನ್ಯಕ್ಕೆ ಚಾಕುಗಳನ್ನು ಒಪ್ಪಿಸಿದನು. ಸೋಲಿಂಗನ್ನಿನವರಾದರೋ ಅದೇ ಚಾಕುವನ್ನು ಇನ್ನೂ ಅಗ್ಗವಾಗಿ ಮಾಡಬಲ್ಲವರು. ಜೊತೆಗಾರರು ಹಿಂದೆಗೆದರು, ಎಲ್ಸೆನರನ ಹಣವೆಲ್ಲ ಕರಗಿಹೋಯಿತು. ಬಂಧುಗಳೂ ಸಾಲ ಕೊಟ್ಟವರೂ ಆಸರೆಯಾಗದಿದ್ದಲ್ಲಿ ಅವನು ದಿವಾಳಿಯಾಗುತ್ತಿದ್ದನು.

ಬೆಲೆಯಲ್ಲಿ ಗೆಲ್ಲಲಾರದವನು ರಚನೆಯಲ್ಲಿ ಗೆದ್ದನು. ಸಿಪಾಯಿಯ ಚಾಕು ಗಟ್ಟಿಯಾಗಿದ್ದರೂ ಭಾರವಾಗಿತ್ತು. ಎಲ್ಸೆನರನು ಅಧಿಕಾರಿಗಳಿಗೆಂದು ಹಗುರವಾದ ಇನ್ನೊಂದನ್ನು ರೂಪಿಸಿ, 1897ರ ಜೂನ್ 12ರಂದು ಅದರ ಹಕ್ಕನ್ನು ದಾಖಲು ಮಾಡಿಸಿದನು. ಅದರಲ್ಲಿ ಚಿಕ್ಕ ಅಲಗೊಂದು, ಸೀಸೆಯ ಬಿರಡೆ ಕೀಳುವ ಸುರುಳಿಯೊಂದು ಹೆಚ್ಚಿಗೆ ಸೇರಿದ್ದುವು. ಆದರೂ ಆ ಆರು ಉಪಕರಣಗಳಿಗೆ ಎರಡೇ ಸ್ಪ್ರಿಂಗುಗಳು ಸಾಕಾದುವು. ಹೊಟ್ಟೆಯ ಕಡೆಯ ಅಲಗುಗಳನ್ನು ಬಿಗಿಹಿಡಿವ ಸ್ಪ್ರಿಂಗೇ ಬೆನ್ನಿನ ಕಡೆಯವನ್ನೂ ಹಿಡಿಯಿತು. ಸೈನ್ಯವು ಇದನ್ನು ಹಂಚಲಿಲ್ಲ. ಅಧಿಕಾರಿಗಳು ತಮ್ಮ ಹಣದಿಂದಲೇ ಕೊಂಡರು. ತನ್ನ ಹಣ ತೆತ್ತು ತನ್ನ ಜೇಬಿನಲ್ಲಿಯೇ ಹೊರುವವನಿಗಿಂತ ಉತ್ತಮ ಪರೀಕ್ಷಕನು ಯಾರು?

1909ರಲ್ಲಿ ತಾಯಿ ವಿಕ್ಟೋರಿಯಾ ತೀರಿಕೊಂಡ ಬಳಿಕ ಆಕೆಯ ಹೆಸರೇ ಸಂಸ್ಥೆಯ ಮುದ್ರೆಯಾಯಿತು. 1921ರಲ್ಲಿ ತುಕ್ಕು ಹಿಡಿಯದ ಉಕ್ಕು ಬಂದಾಗ, ಆ ಉಕ್ಕಿನ ‘ಇನಾಕ್ಸ್’ ಎಂಬ ಗುರುತು ಅದರೊಡನೆ ಸೇರಿ ‘ವಿಕ್ಟೋರಿನಾಕ್ಸ್’ ಎಂದಾಯಿತು.

ಚಾಕು ಕೊಳ್ಳುವವರು ಉಪಕರಣಗಳ ಸಂಖ್ಯೆಗೆ ಮರುಳಾಗಬಾರದು. ತಮಗೆ ದಿನವೂ ಒದಗುವ ಕೆಲಸ ಯಾವುದೆಂದು ಮೊದಲು ಎಣಿಸಿ, ಅಷ್ಟನ್ನು ಕಡಿಮೆ ಭಾರದಲ್ಲಿ ನೆರವೇರಿಸುವುದನ್ನು ಆರಿಸಬೇಕು. ಇಪ್ಪತ್ತು ಉಪಕರಣಗಳಿದ್ದು ಭಾರದ ದೆಸೆಯಿಂದ ಪೆಟ್ಟಿಗೆಯಲ್ಲಿಯೇ ಉಳಿದ ಚಾಕುವಿಗಿಂತ, ಜೇಬಿನಲ್ಲಿರುವ ಒಂದೇ ಹರಿತವಾದ ಅಲಗು ಮೇಲು.