ಅಣುಸ್ಫೋಟ ತೋಡಿದ ಗುಂಡಿ: ಸೆಡಾನ್, 1962

ಚಿತ್ರದಲ್ಲಿರುವುದು ಅಮೆರಿಕದ ನೆವಾಡ ಮರುಭೂಮಿಯ ಸೆಡಾನ್ ಕುಳಿ. ಕಾಲುವೆ, ಬಂದರು ತೋಡಲು ಅಣುಸ್ಫೋಟಕ ಬಳಸುವ ‘ಪ್ಲೌಶೇರ್’ ಯೋಜನೆಯ ಪರೀಕ್ಷೆಯಿದು. 1962ರ ಜುಲೈ 6ರಂದು 194 ಮೀಟರ್ ಆಳದಲ್ಲಿ 104 ಕಿಲೋಟನ್ ಸಾಮರ್ಥ್ಯದ ಅಣುಸ್ಫೋಟಕ ಸಿಡಿಸಿದರು. ಸುಮಾರು 1.2 ಕೋಟಿ ಟನ್ ಮಣ್ಣು ಎದ್ದು, 390 ಮೀಟರ್ ಅಗಲ, ನೂರು ಮೀಟರಿನಷ್ಟು ಆಳದ ಗುಂಡಿ ಉಳಿಯಿತು. ವಿಕಿರಣದ ದೂಳು ದೂರದ ರಾಜ್ಯಗಳಿಗೂ ಹಬ್ಬಿತು.

ಅಂಚಿನಲ್ಲಿ ಎಳೆಯಂತೆ ಕಾಣುವ ಗೆರೆಗಳನ್ನು ಗಮನಿಸಿ. ಅವು ವಾಹನ ಓಡಾಡುವ ದಾರಿಗಳು!

ಇಂಥ ಸ್ಫೋಟಗಳನ್ನು ‘ಶಾಂತಿಯುತ’ ಎನ್ನುತ್ತಿದ್ದರು; 1974ರ ಪೋಖ್ರಾನ್ ಅಣುಸ್ಫೋಟವನ್ನೂ ಭಾರತ ಹಾಗೆಯೇ ಕರೆಯಿತು. ಅದರ ಮುಂಚೂಣಿಯಲ್ಲಿದ್ದವರು ತುಮಕೂರು ಜಿಲ್ಲೆಯಲ್ಲಿ ಹುಟ್ಟಿದ ವಿಜ್ಞಾನಿ ರಾಜಾ ರಾಮಣ್ಣ. ಅಣುಸ್ಫೋಟದಿಂದ ಕಾಲುವೆ ಮಾತ್ರ ಎಲ್ಲೂ ಪೂರ್ತಿಯಾಗಲಿಲ್ಲ. ಸುರಪುರ, ಶಹಾಪುರದ ಹೊಲಗಳಿಗೆ ಕೃಷ್ಣೆಯ ನೀರು ಹರಿಸುವ ನಾರಾಯಣಪುರ ಎಡದಂಡೆ ಕಾಲುವೆಗೆ ಯಂತ್ರ ಮತ್ತು ಕೂಲಿಕಾರರ ದುಡಿಮೆಯೇ ಸಾಕಾಯಿತು.