ಗ್ರೀಕರ ಕಥೆ, ರೋಮಿನ ಲೇಖನಿ

ಮೆಡೂಸಳ ಕಥೆಯನ್ನು ಕೇಳದ ವಿದ್ಯಾವಂತರು ವಿರಳ. ತಲೆಯಲ್ಲಿ ಕೂದಲಿಗೆ ಬದಲಾಗಿ ಹಾವುಗಳನ್ನು ಹೊತ್ತಿದ್ದ ಆಕೆ ಮೊದಲು ಸುಂದರಿಯಾಗಿದ್ದಳೆಂದೂ, ಸಮುದ್ರರಾಜನು ಮಿನರ್ವ ದೇವಿಯ ಗುಡಿಯಲ್ಲಿಯೇ ಅವಳ ಮಾನಭಂಗ ಮಾಡಿದನೆಂದೂ, ದೇವಿಯು ಅಪರಾಧಿಯನ್ನು ಬಿಟ್ಟು ಅವಳನ್ನೇ ಶಪಿಸಿದಳೆಂದೂ ನಾವು ಓದುತ್ತೇವೆ. ಗ್ರೀಕರ ದೇವತೆಗಳು ಎಂಥ ಅನ್ಯಾಯಗಾರರೆಂದು ನೊಂದುಕೊಳ್ಳುತ್ತೇವೆ. ಆದರೆ ಪ್ರಾಚೀನ ಗ್ರೀಕ್ ಕವಿಯಾದ ಹೀಸಿಯಡನಲ್ಲಿ ಈ ದೂರಿಗೆ ಆಧಾರವೇ ಇಲ್ಲ. ಅಲ್ಲಿ ಮೆಡೂಸಳು ಗಾರ್ಗನ್ ಸೋದರಿಯರು ಮೂವರಲ್ಲಿ ಒಬ್ಬಳು. ಸಮುದ್ರರಾಜನು ಅವಳನ್ನು ಕೂಡಿದ್ದು ವಸಂತದ ಹೂವುಗಳ ನಡುವೆ, ಹುಲ್ಲುಗಾವಲಿನಲ್ಲಿ. ಗುಡಿಯಿಲ್ಲ, ಶಾಪವಿಲ್ಲ. ಅವೆರಡೂ ನಮಗೆ ದೊರೆತಿರುವುದು ಹೀಸಿಯಡನಿಗಿಂತ ಸುಮಾರು ಏಳು ಶತಮಾನ ಈಚಿನವನಾದ ರೋಮನ್ ಕವಿ ಓವಿಡನಿಂದ.

ಗ್ರೀಕರದೆಂದು ನಾವು ನಂಬಿರುವ ಎಷ್ಟೋ ಕಥೆಗಳು ಹೀಗೆ ಲ್ಯಾಟಿನ್ ಕವಿಗಳ ಕೈಯಲ್ಲಿ ಹಾಯ್ದು ಬಂದವು. ಈ ಕಾರ್ಯಕ್ಕೆ ತೊಡಗಿದವರಲ್ಲಿ ಮೊದಲಿಗನು ಲಿವಿಯಸ್ ಆಂಡ್ರೊನೀಕಸ್. ಇವನು ಸೆರೆಯಾಳಾಗಿ ರೋಮಿಗೆ ಬಂದ ಗ್ರೀಕನೆಂದು ಪ್ರತೀತಿ. ಕ್ರಿ. ಪೂ. 240ರಲ್ಲಿ ರೋಮಿನ ಉತ್ಸವಕ್ಕೆ ಗ್ರೀಕ್ ಮಾದರಿಯ ನಾಟಕವನ್ನು ಆಡಿಸಿದನು. ಹೋಮರನ ‘ಒಡಿಸ್ಸಿ’ಯನ್ನು ಲ್ಯಾಟಿನ್ನಿಗೆ ತಂದನು. ಮೊದಲ ಪಂಕ್ತಿಯಲ್ಲಿಯೇ ಗ್ರೀಕರ ಕಾವ್ಯದೇವಿಯನ್ನು ಬಿಟ್ಟು, ಇಟಲಿಯವಳೇ ಆದ ಕಮೀನ ದೇವತೆಯನ್ನು ಕರೆದನು. ಅನುವಾದವೆಂದರೂ ದೇವರು ಬದಲಾದದ್ದು ಸಣ್ಣ ಮಾತಲ್ಲ!

ವರ್ಜಿಲನ ಸಾಹಸ ಇದಕ್ಕಿಂತ ದೊಡ್ಡದು. ‘ಇಲಿಯಡ್’ ಕಾವ್ಯದಲ್ಲಿ ಎರಡನೆಯ ಸಾಲಿನ ವೀರನಾಗಿದ್ದ ಈನಿಯಸನು ಅವನ ಕೈಯಲ್ಲಿ ರೋಮನ್ನರ ಮೂಲಪುರುಷನಾದನು. ಅಗಸ್ಟಸ್ ಚಕ್ರವರ್ತಿಯ ಮನೆತನಕ್ಕೂ ಅವನೇ ಮೂಲ. ಟ್ರಾಯ್ ನಗರವನ್ನು ಕೆಡಹಿದ ಮರದ ಕುದುರೆಯ ವೃತ್ತಾಂತವನ್ನು ಹಲವರು ‘ಇಲಿಯಡ್’ನಲ್ಲಿ ಹುಡುಕಿ ನಿರಾಶರಾಗುವುದುಂಟು. ‘ಒಡಿಸ್ಸಿ’ಯಲ್ಲಿ ಅದು ಸಂಕ್ಷೇಪವಾಗಿದೆ, ವಿಸ್ತಾರವಾಗಿ ಹೇಳಿದವನು ವರ್ಜಿಲನು.

ಇವುಗಳನ್ನು ಕೃತ್ರಿಮವೆಂದು ತಳ್ಳಬೇಕೆಂದು ನಾವು ಹೇಳುವುದಿಲ್ಲ. ಪುರಾಣವು ದಫ್ತರದ ಕಾಗದವಲ್ಲ. ಹೇಳಿದವನ ಪಾಲು ಅದರಲ್ಲಿ ಸೇರಿಯೇ ಇರುತ್ತದೆ. ಆದರೆ ಓವಿಡನನ್ನು ಸಾಕ್ಷಿಗೆ ಕರೆದು ಗ್ರೀಕರ ಧರ್ಮದ ಮೇಲೆ ತೀರ್ಪು ಕೊಡುವುದು ನ್ಯಾಯವಲ್ಲ.

ದೇಶಭ್ರಷ್ಟನಾದ ಕವಿಯು ಮೆಡೂಸಳಲ್ಲಿ ತನ್ನ ದುಃಖವನ್ನೇ ಬರೆದನೆಂದು ಊಹಿಸಲು ಆಸೆಯಾಗುತ್ತದೆ. ಕಾಲಗಣನೆ ಇದಕ್ಕೆ ಒಪ್ಪುವುದಿಲ್ಲ. ಹದಿನೈದು ಕಾಂಡಗಳ ಆ ‘ರೂಪಾಂತರ’ ಕಾವ್ಯ ಬಹುಮಟ್ಟಿಗೆ ಮುಗಿದಿದ್ದಾಗ, ಕ್ರಿ. ಶ. 8ರಲ್ಲಿ, ಅಗಸ್ಟಸನು ಅವನನ್ನು ಕಪ್ಪು ಸಮುದ್ರದ ತೀರದ ಟೋಮಿಸ್ ಪಟ್ಟಣಕ್ಕೆ ಅಟ್ಟಿದನು. ಆ ಪಟ್ಟಣವನ್ನು ಸ್ಥಾಪಿಸಿದವರು ಗ್ರೀಕರೇ. ಹೊರಡುವಾಗ ಕಾವ್ಯವನ್ನು ಬೆಂಕಿಗೆ ಹಾಕಿದೆನೆಂದು ಓವಿಡನು ಹೇಳಿಕೊಂಡಿದ್ದಾನೆ. ಬೇರೆ ಪ್ರತಿಗಳು ಇದ್ದುದರಿಂದ ಅದು ಉಳಿಯಿತು.